ಮಳೆಯಿಲ್ಲದ ಊರಲ್ಲಿ ಕಾರಿನಡಿಗೆ ಆಯಿಲ್

ಮೇ ತಿಂಗಳ ಕೊನೆಯ ವಾರ ಪಡುಬಿದ್ರಿಯ ಒಂದು ಸರ್ವಿಸ್ ಸ್ಟೇಷನ್ನಿನಲ್ಲಿ ಸರದಿ ಕಾಯುತ್ತ ಕೂತಿದ್ದೆ. ನನ್ನ ಮುಂದೆ ಆರು ಕಾರು, ಎರಡು ರಿಕ್ಷಾ. ಎಲ್ಲರದ್ದೂ ಒಂದೇ ಕೆಲಸ. ಮಳೆ ಹಿಡಿಯುವ ಮೊದಲು ಗಾಡಿಯ ಅಡಿಗೆ ಆಯಿಲ್ ಹೊಡೆಸಬೇಕು. ಇಂಜಿನ್ನಿನಿಂದ ಇಳಿಸಿದ ಕರೀ ವೇಸ್ಟ್ ಆಯಿಲನ್ನು ಪಂಪಿನಲ್ಲಿ ಅಡಿಗೆಲ್ಲ ಸಿಡಿಸಿಬಿಟ್ಟರೆ ನಾಲ್ಕು ತಿಂಗಳ ಕೆಸರು ನೀರಿಗೆ ತುಕ್ಕು ಹತ್ತಿರ ಬರುವುದಿಲ್ಲ ಎನ್ನುವುದು ನಮ್ಮ ಕರಾವಳಿಯವರ ನಂಬಿಕೆ. ಆ ಆಯಿಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಬಹರೈನ್ ನೆನಪಾಗಿ ನಗು ಬಂತು. ಪಕ್ಕದಲ್ಲಿ ಕೂತಿದ್ದವರು, "ಎಂತ ಮಾರಾಯ್ರೆ, ಒಬ್ಬರೇ ನಗ್ತಾ ಇದ್ದೀರಿ?" ಎಂದು ಕೇಳಿದರು. ಹೇಳಲು ಹೊರಟರೆ ಸರದಿ ತಪ್ಪುತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅದು 2007ರ ಬೇಸಿಗೆ. ನಾನು ಸಲ್ಮಾಬಾದಿನ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಬಹರೈನಿನಲ್ಲಿ ಹಳೆಯ ಕಾರುಗಳೆಲ್ಲ ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಬೇಕು. ಅರಬ್ಬಿಯಲ್ಲಿ ಅದಕ್ಕೆ ಫಹಸ್ ಎನ್ನುತ್ತಾರೆ. ಪಾಸಾದರೆ ನೋಂದಣಿ ಒಂದು ವರ್ಷ ಮುಂದೆ ಹೋಗುತ್ತದೆ, ಫೇಲಾದರೆ ಕಾರಣ ಬರೆದ ಚೀಟಿ ಹಿಡಿದು ವಾಪಸ್ ಬರಬೇಕು. ಈಸಾ ಟೌನಿಗೆ ತಪಾಸಣೆಗೆ ಹೋಗುವ ಮುಂಚೆ ಜನ ನಮ್ಮಲ್ಲಿಗೆ ಬಂದು ಒಮ್ಮೆ ತೋರಿಸಿಕೊಂಡು ಹೋಗುತ್ತಿದ್ದರು. ಹಾಗೆ ನೋಡಿ ಕಳಿಸುವುದು ನನ್ನ ಕೆಲಸ. ನಾನು ಆಚಾರಿಗಳ ಮನೆಯವನು, ಅಜ್ಜನ ಕಾಲದಿಂದ ಕಬ್ಬಿಣದ ಜೊತೆ ಬದುಕಿದವರು ನಾವು. ನಾನು ನೋಡಿ ಕಳಿಸಿದ ಕಾರು ತಿರುಗಿ ಬರುವುದಿಲ್ಲ ಎಂಬ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಜಂಬದಷ್ಟೇ ಕುತೂಹಲವೂ ಇತ್ತು ಅನ್ನಿ. ಬೇರೆ ಕಡೆ ತೋರಿಸಿ, ಫೇಲಾಗಿ, ಆಮೇಲೆ ನಮ್ಮಲ್ಲಿಗೆ ಬಂದ ಕಾರುಗಳ ಕಾರಣಗಳನ್ನು ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಯಾರೂ ಹೇಳಿದ್ದಲ್ಲ, ನನ್ನದೇ ಹುಚ್ಚು. ಬರೆಯುತ್ತ ಹೋದ ಹಾಗೆ ಕಾರಿನ ರೋಗ ನೋಡಿ ಯಜಮಾನನ ಸ್ವಭಾವ ಹೇಳುವಷ್ಟು ಪಳಗಿದೆ. ಮಾಹೂಝಿನ ಫ್ಲಾಟುಗಳಲ್ಲಿದ್ದ ಆಫೀಸಿನವರ ಕಾರು ಹೆಚ್ಚಾಗಿ ಟಯರಿನಲ್ಲಿ ಬೀಳುತ್ತಿತ್ತು. ಓಡಿದ್ದು ಕಮ್ಮಿ, ಟಯರಿನ ಮೈಮೇಲಿನ ಗೀರೆಲ್ಲ ಹೊಸತರ ಹಾಗೇ ಇರುತ್ತದೆ, ಆದರೆ ಟಯರಿನ ಪಕ್ಕದಲ್ಲಿ ಯಾವ ವಾರ, ಯಾವ ವರ್ಷ ಹುಟ್ಟಿತೆಂದು ನಾಲ್ಕು ಅಂಕಿಯಲ್ಲಿ ಬರೆದಿರುತ್ತದಲ್ಲ, ಅದನ್ನು ಅವರು ಓದಿಯೇ ಇರುವುದಿಲ್ಲ. ಅಲ್ಲಿನ ಬಿಸಿಲಿಗೆ ಸುಮ್ಮನೆ ನಿಂತ ಟಯರೂ ಒಡೆಯುತ್ತದೆ. ರಿಫಾದ ಸಂಸಾರವಂದಿಗರ ಕಾರಿನಲ್ಲಿ ಹಿಂದಿನ ಸೀಟಿನ ಬೆಲ್ಟು ಕಚ್ಚಿಕೊಂಡಿರುತ್ತಿತ್ತು. ಬಿಚ್ಚಿದರೆ ಒಳಗೆ ಬಿಸ್ಕತ್ತಿನ ಪುಡಿ, ಒಮ್ಮೆ ಒಂದು ಹಾಲುಹಲ್ಲು ಕೂಡ ಸಿಕ್ಕಿತು. ಹರೆಯದ ಹುಡುಗರದ್ದು ಗಾಜಿಗೆ ಹಚ್ಚಿದ ಕಪ್ಪು. ಇನ್ನು ನಂಬರ್ ಪ್ಲೇಟಿನ ಪುಟ್ಟ ಬಲ್ಬು ಜಾತಿಮತ ನೋಡದೆ ಎಲ್ಲರನ್ನೂ ಬೀಳಿಸುತ್ತಿತ್ತು. ವರ್ಷಕ್ಕೆ ನಾಲ್ಕು ದಿನ ಮಳೆ ಕಾಣದ ಊರಿನಲ್ಲಿ ವೈಪರ್ ಸರಿಯಿಲ್ಲವೆಂದು ಫೇಲಾದವರ ಮುಖ ನೋಡಲು ಮಾತ್ರ ಪುಣ್ಯ ಮಾಡಿರಬೇಕು. ಎ.ಸಿ. ಕೆಟ್ಟರೆ ಅದೇ ದಿನ ಓಡಿಬರುವ ಜನ ಬ್ರೇಕು ಕಿರುಗುಟ್ಟಿದರೆ ಆರು ತಿಂಗಳು ಹಾಡು ಕೇಳಿದ ಹಾಗೆ ಕೇಳುತ್ತಾರೆ, ಯಾಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆ ಜೂನಿನಲ್ಲಿ ಅಬ್ಬುಚ್ಚನ ಕಾರು ಬಂತು. ಅಬ್ಬುಚ್ಚ ಎಂದರೆ ಬುಸೈತೀನಿನ ಒಂದು ಕೋಲ್ಡ್ ಸ್ಟೋರಿನಲ್ಲಿ ವ್ಯಾಪಾರಕ್ಕೆ ನಿಲ್ಲುತ್ತಿದ್ದ ಬ್ಯಾರಿ ಜನ. ಅಲ್ಲಿ ಬೀದಿ ಮೂಲೆಯ ದಿನಸಿ ಅಂಗಡಿಗೆ ಕೋಲ್ಡ್ ಸ್ಟೋರ್ ಎಂದೇ ಹೆಸರು. ವಯಸ್ಸು ಐವತ್ತು ದಾಟಿತ್ತು, ಗಲ್ಫಿಗೆ ಬಂದು ಇಪ್ಪತ್ತು ವರ್ಷ. ಅವರ ಬ್ಯಾರಿ ಮಾತಿನಲ್ಲಿ ಅಣ್ಣನಿಗೆ ಇಚ್ಚ ಎನ್ನುತ್ತಾರೆ, ಹಾಗಾಗಿ ನಮಗೆಲ್ಲ ಅವರು ಅಬ್ಬುಚ್ಚ. ಕಾರು ಜಪಾನಿನದ್ದು, ಬಿಳಿ ಬಣ್ಣ. ಒಂಬತ್ತು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಪ್ರತಿ ವರ್ಷ ಜನವರಿಯಲ್ಲಿ ತಪಾಸಣೆಗೆ ಹೋಗಿ ಚಕಾರವೆತ್ತದೆ ಪಾಸಾಗುತ್ತಿತ್ತು. ಆ ವರ್ಷ ಕೊನೆಯ ಮಗಳ ಮದುವೆಗೆಂದು ಅವರು ಡಿಸೆಂಬರಿನಲ್ಲೇ ಊರಿಗೆ ಹೋಗಿ ಮೇ ತಿಂಗಳಲ್ಲಿ ಬಂದಿದ್ದರು. ಅಷ್ಟರಲ್ಲಿ ನೋಂದಣಿಯ ಅವಧಿ ಮುಗಿದಿತ್ತು. ರಸ್ತೆಗೆ ಇಳಿಸುವಂತಿರಲಿಲ್ಲ, ಹಾಗಾಗಿ ನಮ್ಮ ಗ್ಯಾರೇಜಿನ ರಿಕವರಿ ಲಾರಿಯ ಮೇಲೆ ಮದುಮಗನ ಹಾಗೆ ಕೂರಿಸಿಕೊಂಡು ಬಂದೆವು.

"ಆಚಾರ್ರೆ, ಇದು ಈ ಸಲ ಸುಮ್ನೆ ಪಾಸಾದ್ರೆ ಸಾಲದು. ಜುಲೈ ಹದಿಮೂರರೊಳಗೆ ಆಗ್ಬೇಕು. ಝೊಹರಾ ಬರ್ತಾಳೆ" ಎಂದರು ಅಬ್ಬುಚ್ಚ.

ಝೊಹರಾ ಅವರ ಹೆಂಡತಿ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬಹರೈನ್ ನೋಡಿರಲಿಲ್ಲ. ಮಕ್ಕಳ ಶಾಲೆ, ಅತ್ತೆಯ ಆರೈಕೆ, ಮಗಳಂದಿರ ಮದುವೆ ಎಲ್ಲ ಮುಗಿದ ಮೇಲೆ, "ಇನ್ನಾದ್ರೂ ನಿಮ್ಮ ಆ ಊರು ಒಮ್ಮೆ ತೋರಿಸಿ" ಎಂದಿದ್ದರಂತೆ. ಒಂದು ತಿಂಗಳ ವಿಸಿಟ್ ವೀಸಾ ಆಗಿತ್ತು.

"ಟ್ಯಾಕ್ಸಿಯಲ್ಲಿ ಕರ್ಕೊಂಡು ಬಂದ್ರಾಯ್ತಪ್ಪ. ಬುಸೈತೀನಿಂದ ಏರ್‌ಪೋರ್ಟ್ ಹತ್ತು ನಿಮಿಷ" ಎಂದೆ.

ಅಬ್ಬುಚ್ಚ ನನ್ನನ್ನು ನೋಡಿದ ರೀತಿಗೆ ನಾನು ಆ ಮಾತನ್ನು ಅಲ್ಲೇ ನುಂಗಿಕೊಳ್ಳಬೇಕಾಯಿತು. ಆಮೇಲೆ ಅವರೇ ವಿವರ ಹೇಳಿದರು. ಕಾರು ತೆಗೆದುಕೊಂಡ ವರ್ಷ ಅದಕ್ಕೆ ಒರಗಿ ನಿಂತು ಒಂದು ಫೋಟೋ ತೆಗೆಸಿ ಊರಿಗೆ ಕಳಿಸಿದ್ದರು. ಗಲ್ಫಿಗೆ ಹೋದವರೆಲ್ಲ ಯಾರದ್ದೋ ಕಾರಿಗೆ ಒರಗಿ ಫೋಟೋ ಕಳಿಸುವುದು ಊರಿನಲ್ಲಿ ಗೊತ್ತಿಲ್ಲದ್ದೇನಲ್ಲ. ಮೊನ್ನೆ ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಅವರ ಭಾವ ಎಲ್ಲರೆದುರು, "ನಮ್ಮ ಅಬ್ಬುವಿನ ಕಾರು ಫೋಟೋದಲ್ಲಿ ಮಾತ್ರ ಓಡುದು" ಎಂದನಂತೆ. ಇಡೀ ಪಂಕ್ತಿ ನಕ್ಕಿತಂತೆ.

"ಅವಳು ನಗ್ಲಿಲ್ಲ. ಆದ್ರೆ ಎಂತ ಹೇಳ್ಲಿಲ್ಲ ಕೂಡ. ನಂಗೆ ಅದೇ ಇರುದು ಇಲ್ಲಿ" ಎಂದು ಎದೆ ತೋರಿಸಿದರು.

ಅಲ್ಲಿಗೆ ಆ ಕಾರು ನನ್ನ ಹೊಣೆಯಾಯಿತು. ಬಲ್ಬು, ಬೆಲ್ಟು, ಬ್ರೇಕು, ಹಾರ್ನು ಎಲ್ಲ ನೋಡಿದೆ. ಟಯರಿನ ಅಂಕಿ ಓದಿ ಎರಡನ್ನು ಬದಲಿಸಿದೆ. ನಿಂತು ನಿಂತು ಸತ್ತಿದ್ದ ಬ್ಯಾಟರಿ ಹೊಸತು ಹಾಕಿದೆ. ಲಿಫ್ಟಿನಲ್ಲಿ ಬೇರೆ ಕಾರು ಇದ್ದದ್ದರಿಂದ ಅಡಿಗೆ ನುಗ್ಗಿ ನೋಡಲಿಲ್ಲ. ಇಂಜಿನ್ ಚಿನ್ನದ ಹಾಗಿತ್ತು, ಅಡಿಯಲ್ಲಿ ಏನಿರುತ್ತದೆ ಎಂದುಕೊಂಡೆ. ಹೆಚ್ಚು ಓದಿದವನೇ ಸುಲಭದ ಲೆಕ್ಕ ತಪ್ಪುವುದು.

ತಪಾಸಣೆಯಲ್ಲಿ ಎಲ್ಲ ಸಾಲು ದಾಟಿ ಕಾರು ಕೊನೆಗೆ ಅಡಿ ನೋಡುವ ಗುಂಡಿಯ ಮೇಲೆ ನಿಂತಿತು. ಗುಂಡಿಯೊಳಗೆ ಒಬ್ಬ ಹಿರಿಯ ಇನ್‌ಸ್ಪೆಕ್ಟರ್ ಇದ್ದರು, ಬಹರೈನಿಯವರು, ಬಿಳಿ ಮೀಸೆ. ಟಾರ್ಚು ಬಿಟ್ಟು ಮೇಲೆ ನೋಡಿದವರು ಹಿಂದಿಯಲ್ಲಿ ಒಂದೇ ಮಾತು ಹೇಳಿದರು, "ತೇಲ್ ಗಿರ್ತಾ ಹೈ, ರಫೀಕ್." ರಫೀಕ್ ಎಂದರೆ ದೋಸ್ತ, ಅಲ್ಲಿ ಪರದೇಶದವರನ್ನೆಲ್ಲ ಹಾಗೇ ಕರೆಯುವುದು. ಚೀಟಿಯಲ್ಲಿ ಆಯಿಲ್ ಸೋರಿಕೆ ಎಂದು ಬಿತ್ತು.

ನನ್ನ ಮುಖ ಕೆಂಪಾಯಿತು. ಗ್ಯಾರೇಜಿಗೆ ಬಂದು ಲಿಫ್ಟಿಗೆ ಏರಿಸಿ ನೋಡಿದರೆ ಅಡಿಯೆಲ್ಲ ಕರ್ರಗೆ ಒದ್ದೆ. ಇಂಜಿನ್ನಿನ ತಳದ ಪ್ಯಾನಿನ ಪ್ಯಾಕಿಂಗ್ ಹೋಗಿದೆ, ಓಡುವಾಗ ಗಾಳಿಗೆ ಆಯಿಲ್ ಹಿಂದೆ ಹಾರಿದೆ ಎಂದು ತೀರ್ಪು ಕೊಟ್ಟೆ. ಪ್ಯಾಕಿಂಗ್ ಬದಲಿಸಿ, ಅದರ ಸುತ್ತ ಮಾತ್ರ ಒರೆಸಿ, ಹತ್ತು ದಿನ ಬಿಟ್ಟು ಮತ್ತೆ ಲಾರಿ ಹತ್ತಿಸಿಕೊಂಡು ಹೋದೆವು. ಅದೇ ಗುಂಡಿ, ಅದೇ ಬಿಳಿ ಮೀಸೆ, ಅದೇ ಚೀಟಿ. ಈ ಸಲ ಗೇರ್ ಬಾಕ್ಸ್ ಇಳಿಸಿ ಅದರ ಹಿಂದಿನ ಸೀಲು ಬದಲಿಸಿದೆ. ನಾಲ್ಕು ದಿನದ ಕೆಲಸ, ಜುಲೈಯ ಸೆಕೆಯಲ್ಲಿ ಬೆವರು ಕಣ್ಣಿಗೆ ಇಳಿದು ಬೋಲ್ಟು ಕಾಣುತ್ತಿರಲಿಲ್ಲ. ಅಬ್ಬುಚ್ಚ ಅಂಗಡಿ ಮುಚ್ಚಿದ ಮಧ್ಯಾಹ್ನ ಹೊತ್ತಿನಲ್ಲಿ ಬಸ್ಸು ಹಿಡಿದು ಬಂದು ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆದರೆ ಒಂದು ವಿಷಯ ನನ್ನ ತಲೆ ಕೊರೆಯುತ್ತಿತ್ತು. ಇಷ್ಟು ಆಯಿಲ್ ಸೋರುವ ಇಂಜಿನ್ನಿನಲ್ಲಿ ಆಯಿಲ್ ಕಮ್ಮಿಯಾಗಬೇಕಲ್ಲ? ಅಳತೆಯ ಕಡ್ಡಿ ಎಳೆದು ನೋಡಿದರೆ ಮೊದಲ ದಿನ ಎಷ್ಟಿತ್ತೋ ಅಷ್ಟೇ. ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಮೂರನೆಯ ಸಲ ಹೋಗುವ ಮೊದಲು ಇದನ್ನು ಕಂಡುಹಿಡಿಯದಿದ್ದರೆ ನಾನು ಮೆಕ್ಯಾನಿಕ್ ಅಲ್ಲ ಎಂದುಕೊಂಡು, ಕಾರನ್ನು ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿ ಅಡಿಗೆ ಮುಂದಿನಿಂದ ಹಿಂದಿನವರೆಗೆ ಹಳೆಯ ಪೇಪರು ಹಾಸಿದೆ. ಬೆಳಿಗ್ಗೆ ಎಂಟಕ್ಕೆ ಒಂದು ಹನಿಯೂ ಇಲ್ಲ. ಹನ್ನೊಂದಕ್ಕೂ ಇಲ್ಲ. ಮಧ್ಯಾಹ್ನ ಎರಡು ಗಂಟೆಗೆ ತಗಡೆಲ್ಲ ಕಾದು ಮುಟ್ಟಲಾಗದಂತಾದಾಗ ಬಗ್ಗಿ ನೋಡುತ್ತೇನೆ, ಪೇಪರಿನ ತುಂಬ ಕರೀ ಚುಕ್ಕಿ. ಇಂಜಿನ್ನಿನ ಕೆಳಗೆ ನಾಲ್ಕು, ಬಾಗಿಲುಗಳ ಕೆಳಗೆ ಹತ್ತು, ಡಿಕ್ಕಿಯ ಕೆಳಗೆ ಎಣಿಸಲಾರದಷ್ಟು.

ಡಿಕ್ಕಿಯಲ್ಲಿ ಇಂಜಿನ್ ಇರುವುದಿಲ್ಲವಲ್ಲ! ಸ್ಟೆಪ್ನಿ ಟಯರು ಇರುವ ಜಾಗದಿಂದ ಆಯಿಲ್ ಸೋರುವ ಕಾರನ್ನು ಜಗತ್ತಿನಲ್ಲಿ ಯಾರೂ ಮಾಡಿಲ್ಲ. ಬೆರಳಿಗೆ ತಾಗಿಸಿ ಮೂಸಿದೆ. ಸುಟ್ಟ ವೇಸ್ಟ್ ಆಯಿಲ್. ಊರಿನ ಮೇ ತಿಂಗಳ ವಾಸನೆ.

ಅಬ್ಬುಚ್ಚ ಸ್ಟೂಲಿನ ಮೇಲೆ ಕೂತಿದ್ದರು. "ಅಬ್ಬುಚ್ಚ, ನೀವು ಈ ಕಾರಿನ ಅಡಿಗೆ ಎಂತಾದ್ರೂ ಹಚ್ಚಿದ್ದೀರಾ?" ಎಂದು ಕೇಳಿದೆ.

"ಎಂತ ಅಂದ್ರೆ? ಮಳೆಗಾಲದ ಆಯಿಲ್" ಎಂದರು, ಹಲ್ಲುಜ್ಜಿದ್ದೀರಾ ಎಂದು ಕೇಳಿದವನಿಗೆ ಉತ್ತರ ಕೊಟ್ಟ ಹಾಗೆ.

"ಇಲ್ಲಿ ಎಲ್ಲಿಂದ ಬಂತು ಮಾರಾಯ್ರೆ ಮಳೆಗಾಲ?"

"ಊರಲ್ಲಿ ಬಂತಲ್ಲ. ಜೂನ್ ಮೊದ್ಲ ವಾರ ಹೊಡೆದದ್ದು. ಆಯಿಲ್ ನಿಮ್ಮ ಡ್ರಮ್ಮಿಂದೇ. ನೀವೇ ತುಂಬಿಸಿ ಕೊಟ್ಟದ್ದು, ಮರ್ತು ಹೋಯ್ತಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಿಜ. ಜೂನಿನಲ್ಲಿ ತುಪ್ಪದ ಖಾಲಿ ಡಬ್ಬಿ ಹಿಡಿದು ಬಂದಿದ್ದರು. ಅಂಗಡಿಯ ಶಟರಿಗೋ ಜಿರಳೆಗೋ ಇರಬೇಕೆಂದು ನಾನೇ ತುಂಬಿಸಿ ಕೊಟ್ಟಿದ್ದೆ. ಊರಿಗೆಲ್ಲ ಕಾರಣ ಕೇಳುವವನು ಅದೊಂದನ್ನು ಕೇಳಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ನಾನು ಗೇರ್ ಬಾಕ್ಸ್ ಇಳಿಸಿದ್ದೆ! ಒಂಬತ್ತು ವರ್ಷ ಅವರು ಹೀಗೇ ಮಾಡುತ್ತಿದ್ದರು. ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ರಟ್ಟು ಹಾಸಿ, ಮಲಗಿ, ಬ್ರಷ್ಷಿನಲ್ಲಿ ಬಳಿಯುತ್ತಿದ್ದರು. ಜನವರಿ ಬರುವಷ್ಟರಲ್ಲಿ ಆ ಆಯಿಲಿಗೆ ಧೂಳು ಕೂತು ಒಣಗಿ ಹಪ್ಪಳದಂತಾಗಿರುತ್ತಿತ್ತು, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈ ಸಲ ತಪಾಸಣೆ ಜೂನಿಗೆ ಬಂದದ್ದರಿಂದ ಹಸಿ ಆಯಿಲು ಸಿಕ್ಕಿಬಿದ್ದಿತ್ತು.

"ಎಲ್ಲ ತೊಳೀಬೇಕು" ಎಂದೆ. ಹದಿಮೂರಕ್ಕೆ ಮೂರೇ ದಿನ ಉಳಿದಿತ್ತು.

"ತೊಳಿಲಿಕ್ಕಾ?" ಅಬ್ಬುಚ್ಚ ಎದ್ದು ನಿಂತರು. "ಬೇಡ ಆಚಾರ್ರೆ. ತೊಳ್ದ್ರೆ ತುಕ್ಕು ಹಿಡೀತದೆ."

"ತೊಳಿಯದಿದ್ರೆ ಝೊಹರಕ್ಕ ಟ್ಯಾಕ್ಸಿಯಲ್ಲಿ ಬರ್ತಾರೆ."

ಅವರು ಅಂಗಿ ಬಿಚ್ಚಿ ಗೂಟಕ್ಕೆ ನೇತುಹಾಕಿದರು. ಎರಡು ಸಂಜೆ ನಾವಿಬ್ಬರೂ ಲಿಫ್ಟಿನ ಕೆಳಗೆ ನಿಂತು ಸೀಮೆಎಣ್ಣೆ ಹಾಕಿ ಉಜ್ಜಿದೆವು. ಕರೀ ಪದರ ಎದ್ದು ಬರುತ್ತಿದ್ದ ಹಾಗೆ ಅವರ ಬಾಯೂ ಬಿಚ್ಚಿತು. ಗಲ್ಫಿಗೆ ಬರುವ ಮುಂಚೆ ಅವರದ್ದೇ ಒಂದು ಮೀನಿನ ಟೆಂಪೊ ಇತ್ತಂತೆ, ಮಲ್ಪೆಯಿಂದ ಘಟ್ಟದ ಮೇಲಕ್ಕೆ. ಮೀನಿನ ಪೆಟ್ಟಿಗೆಯಿಂದ ಸೋರುವ ಐಸು ಮತ್ತು ಉಪ್ಪಿನ ನೀರು ಕಬ್ಬಿಣವನ್ನು ತಿಂದುಬಿಡುತ್ತದೆ. ಒಂದು ವರ್ಷ ಮಳೆಗೆ ಮೊದಲು ಆಯಿಲ್ ಹೊಡೆಸಿ ಎಂದು ಝೊಹರಾ ಮೂರು ಸಲ ನೆನಪಿಸಿದ್ದರು. ಇವರು ನಾಳೆ ನಾಳೆ ಎಂದರು. ಆ ಆಟಿ ತಿಂಗಳ ಜಡಿಮಳೆಯಲ್ಲಿ ಲೋಡು ಸಮೇತ ಟೆಂಪೊದ ಚಾಸಿಸ್ ನಡುವೆ ಮುರಿದು ಕೂತುಬಿಟ್ಟಿತು.

"ಮತ್ತೆ ಬಂದದ್ದು ಇಲ್ಲಿಗೆ" ಎಂದರು. "ಅವಳು ಆವತ್ತು ಎಂತ ಬೈಲಿಲ್ಲ. ಈಗ ಮಳೆ ಹಿಡಿದ ದಿನ ನಾನು ಫೋನ್ ಮಾಡ್ತೇನಲ್ಲ, ಮೊದ್ಲು ಕೇಳುದೇ ಅದು. ‘ಗಾಡಿಗೆ ಆಯಿಲ್ ಹೊಡೆದ್ರಾ?’ ಹೌದು ಹೇಳ್ಬೇಕಾದ್ರೆ ಹೊಡೀಬೇಕಲ್ವಾ? ಸುಳ್ಳು ಹೇಳ್ಲಿಕ್ಕೆ ಆಗ್ತದಾ?"

ನಾನು ಉಜ್ಜುವುದನ್ನು ನಿಲ್ಲಿಸಿ ಅವರನ್ನೇ ನೋಡಿದೆ. ಸಮುದ್ರದಾಚೆಯಿಂದ ಕೇಳಿದ ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಹೌದು ಎನ್ನಲು ಮಳೆಯಿಲ್ಲದ ಊರಿನಲ್ಲಿ ಒಬ್ಬ ಮನುಷ್ಯ ಒಂಬತ್ತು ವರ್ಷ ಮಣ್ಣಿನಲ್ಲಿ ಮಲಗಿದ್ದ. ನನಗೆ ಅವರ ಮೇಲೆ ತುಂಬ ಪ್ರೀತಿ ಬಂತು. ಹೇಳಲು ಗೊತ್ತಾಗದೆ, "ಆ ಮೂಲೆ ಇನ್ನೂ ಕಪ್ಪುಂಟು, ಉಜ್ಜಿ" ಎಂದೆ.

ಗುರುವಾರ ಮೂರನೆಯ ಸಲ ಗುಂಡಿಯ ಮೇಲೆ ಕಾರು ನಿಂತಿತು. ಬಿಳಿ ಮೀಸೆಯವರು ಟಾರ್ಚು ಬಿಟ್ಟರು. ಬಿಟ್ಟವರು ಆರಿಸಲೇ ಇಲ್ಲ. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಎರಡು ಸಲ ಹೋಗಿ ಬಂದರು. ಆಮೇಲೆ ಪಕ್ಕದ ಸಾಲಿನ ಇನ್ನೊಬ್ಬ ಇನ್‌ಸ್ಪೆಕ್ಟರನ್ನು ಕರೆದು ಗುಂಡಿಗೆ ಇಳಿಸಿಕೊಂಡರು. ಅಬ್ಬುಚ್ಚನ ತುಟಿ ಅಲುಗುತ್ತಿತ್ತು, ಏನೋ ಪ್ರಾರ್ಥನೆ.

"ಯೇ ಗಾಡಿ ಕಿಧರ್ ರೆಹ್ತಾ ಹೈ?" ಎಂದು ಗುಂಡಿಯೊಳಗಿಂದ ಧ್ವನಿ ಬಂತು.

"ಬುಸೈತೀನ್. ಸಮುಂದರ್ ಕೆ ಪಾಸ್" ಎಂದೆ.

ಅವರು ತಲೆ ಹೊರಗೆ ಹಾಕಿ ನಂಬದವರಂತೆ ನೋಡಿದರು. ಕಡಲಿನ ಪಕ್ಕದಲ್ಲಿ ನಿಲ್ಲುವ ಆ ವಯಸ್ಸಿನ ಕಾರುಗಳ ಅಡಿ ಹೇಗಿರುತ್ತದೆಂದು ನನಗೂ ಗೊತ್ತು. ಉಪ್ಪು ಗಾಳಿ, ಉಪ್ಪು ಮಣ್ಣು, ರಾತ್ರಿಯ ಇಬ್ಬನಿ ಸೇರಿ ತಗಡು ಜರಡಿಯಾಗಿರುತ್ತದೆ. ನನ್ನ ಪುಸ್ತಕದಲ್ಲಿ ತುಕ್ಕಿಗೆ ಸತ್ತ ಕಾರುಗಳಿಗೇ ಬೇರೆ ಪುಟಗಳಿದ್ದವು. ಅಬ್ಬುಚ್ಚನ ಕಾರಿನ ಅಡಿಯಲ್ಲಿ ಕಾರ್ಖಾನೆಯ ಬಣ್ಣ ಹಾಗೇ ಇತ್ತು. ತೊಳೆಯುವಾಗ ಗಡಿಬಿಡಿಯಲ್ಲಿ ನಾನದನ್ನು ಗಮನಿಸಿಯೇ ಇರಲಿಲ್ಲ. ಗುಂಡಿಯಲ್ಲಿದ್ದವರು ಏನು ಹಚ್ಚಿದ್ದು ಎಂದು ಕೇಳಿದರು, ನಾನು ಹೇಳಿದೆ. ಇಬ್ಬರೂ ಇನ್‌ಸ್ಪೆಕ್ಟರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬಿಳಿ ಮೀಸೆಯವರು ನಗು ನಿಲ್ಲಿಸಿ, ಎಷ್ಟು ಸಲ ಹಚ್ಚಬೇಕು, ಬ್ರಷ್ಷಿನಲ್ಲೋ ಪಂಪಿನಲ್ಲೋ ಎಂದು ಗಂಭೀರವಾಗಿ ವಿಚಾರಿಸಿಕೊಂಡರು. ಕಾರು ಪಾಸಾಯಿತು. ಅದೇ ದಿನ ಹೊಸ ನೋಂದಣಿ ಕಾರ್ಡೂ ಕೈಗೆ ಬಂತು.

ಶುಕ್ರವಾರ ಬೆಳಿಗ್ಗೆ ಏರ್‌ಪೋರ್ಟಿಗೆ ನನ್ನನ್ನೂ ಎಳೆದುಕೊಂಡು ಹೋದರು. "ಅಲ್ಲಿ ಸ್ಟಾರ್ಟ್ ಆಗದಿದ್ರೆ ನನ್ನ ಮರ್ಯಾದೆ ಹೋಗ್ತದೆ ಆಚಾರ್ರೆ, ನೀವು ಹಿಂದೆ ಕೂತ್ಕೊಳ್ಳಿ" ಎಂದರು. ಝೊಹರಕ್ಕ ಕಪ್ಪು ಬುರ್ಖಾದಲ್ಲಿ, ಮುಖ ತೆರೆದುಕೊಂಡು, ಹಗ್ಗ ಬಿಗಿದ ಎರಡು ರಟ್ಟಿನ ಪೆಟ್ಟಿಗೆಗಳ ಜೊತೆ ಬಂದರು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎರಡು ಮಾತಾಡಿದರು ಅಷ್ಟೇ. ಪಾರ್ಕಿಂಗಿನಲ್ಲಿ ಅಬ್ಬುಚ್ಚ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು, "ಇದು" ಎಂದರು.

ಝೊಹರಕ್ಕ ಕಾರಿಗೆ ಒಂದು ಸುತ್ತು ಬಂದರು. ಹಿಂದೆ ನಿಂತರು. ಬುರ್ಖಾ ಒಟ್ಟುಮಾಡಿ ಹಿಡಿದುಕೊಂಡು ಆ ಸಿಮೆಂಟಿನ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಡಿಕ್ಕಿಯ ಅಡಿಗೆ ಕೈ ಹಾಕಿ ಒರೆಸಿದರು. ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಬಿಳಿ ಬೆರಳು.

ಎದ್ದು ನಿಂತು ಗಂಡನಿಗೆ ಬ್ಯಾರಿಯಲ್ಲಿ ಮೆಲ್ಲನೆ ಹೇಳಿದರು. ನನಗೆ ಆ ಮಾತು ಅರ್ಥವಾಗುತ್ತದೆ. "ಇದು ಯಾರ ಕಾರು? ಒಂದು ಚೂರು ಆಯಿಲ್ ಇಲ್ಲ. ನನಗಾಗಿ ಕೇಳಿ ತಂದದ್ದಾ? ಬೇಡಿತ್ತು. ಟ್ಯಾಕ್ಸಿ ಆಗಿದ್ರೂ ನಾನು ಬರ್ತಿದ್ದೆ."

ಕೋಪವಿರಲಿಲ್ಲ ಆ ಮಾತಿನಲ್ಲಿ. ಅದೇ ಅಬ್ಬುಚ್ಚನನ್ನು ಕೊಂದುಹಾಕಿತು. ನನ್ನ ಕಡೆ ನೋಡಿದರು. ಎರಡು ಸಂಜೆ ನಿಂತು ನಾನೇ ಉಜ್ಜಿ ತೆಗೆದದ್ದು ಅವರ ಒಂದೇ ಒಂದು ಸಾಕ್ಷಿಯಾಗಿತ್ತು. "ಅಕ್ಕ, ನಾನು ತೊಳ್ದದ್ದು, ಇವರದ್ದೇ ಕಾರು" ಎಂದು ತೊದಲಿದೆ. ಗಂಡನ ಸ್ನೇಹಿತ ಹೇಳಿಕೊಟ್ಟ ಹಾಗೆ ಹೇಳುತ್ತಾನೆ ಎಂಬಂತೆ ಝೊಹರಕ್ಕ ತಲೆಯಾಡಿಸಿದರು.

ನನಗೆ ಥಟ್ಟನೆ ಹೊಳೆದು ಕಾರಿನೊಳಗಿಂದ ನೋಂದಣಿ ಕಾರ್ಡು ತೆಗೆದು ಅವರ ಕೈಗೆ ಕೊಟ್ಟೆ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಮದರಸಾದಲ್ಲಿ ಕಲಿತ ಅರಬ್ಬಿ ಅಕ್ಷರ ಬರುತ್ತಿತ್ತು. ಮಾಲೀಕನ ಹೆಸರು ಅರಬ್ಬಿಯಲ್ಲೂ ಬರೆದಿತ್ತು. ಬಲದಿಂದ ಎಡಕ್ಕೆ ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ, ಓದಿನ ರಾಗದಲ್ಲೇ ಜೋರಾಗಿ ಓದಿದರು.

"ಅಬ್ದುಲ್ಲ."

ಓದಿದ ಮೇಲೆ ಗೊತ್ತಾಗಿ ಬಾಯಿಗೆ ಕೈ ಅಡ್ಡ ಹಿಡಿದರು. ಆ ತಲೆಮಾರಿನ ಹೆಂಗಸರು, ನನ್ನ ಅಮ್ಮನನ್ನೂ ಸೇರಿಸಿ, ಗಂಡನ ಹೆಸರು ಹೇಳುವವರಲ್ಲ. ಮದುವೆಯಾದಂದಿನಿಂದ ಆ ಹೆಸರು ಆ ಬಾಯಿಯಿಂದ ಬಂದೇ ಇರಲಿಲ್ಲ. ಕೈಯ ಹಿಂದೆ ಅವರು ನಗುತ್ತಿದ್ದರು, ಕಣ್ಣು ತುಂಬಿತ್ತು.

ಅಬ್ಬುಚ್ಚ ಒಂದು ಹೆಜ್ಜೆ ಹತ್ತಿರ ಬಂದು, "ಎಂತ ಬರ್ದದ್ದು ಅದ್ರಲ್ಲಿ? ನಂಗೆ ಕನ್ನಡಕ ಇಲ್ದೆ ಕಾಣುದಿಲ್ಲ. ಇನ್ನೊಮ್ಮೆ ಓದು" ಎಂದರು.

ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು.